ಪಶುವೈದ್ಯರನ್ನು ಕೇಳಿ: ಕೋಳಿಯ ಕರುಳಿಗೆ ಬೀಳುವ ತೂತು

ಈ ತಿಂಗಳ ಅಂಚೆಯಲ್ಲಿ ದನಕರುಗಳ ವಿಚಾರಕ್ಕಿಂತ ಕೋಳಿಯ ಪತ್ರಗಳೇ ಹೆಚ್ಚು ಬಂದಿವೆ. ಹಾಸನದ ನಮ್ಮ ಮನೆಯ ಅಂಗಳದ ಕಲ್ಲಿಗೆ ಪಾಚಿ ಕಟ್ಟಿ ಹದಿನೈದು ದಿನವಾಯಿತು. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಯನ್ನು ಹೇಳುವುದೇ ಬೇಡ. ಕೋಳಿಗಳು ಶೀತದಿಂದ ಸತ್ತವು ಎಂದು ಹಲವರು ಬರೆದಿದ್ದೀರಿ. ಆದರೆ ಪತ್ರಗಳಲ್ಲಿ ನೀವೇ ಕೊಟ್ಟ ಲಕ್ಷಣಗಳನ್ನು ಓದಿದರೆ ಹೆಚ್ಚಿನ ಸಾವುಗಳು ಕರುಳಿನಲ್ಲಿ ಶುರುವಾದಂತೆ ಕಾಣುತ್ತದೆ. ಹಾಗಾಗಿ ಈ ಸಲ ಕರುಳಿನ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಬೇಕೆಂದೇ ಉದ್ದವಾಗಿ ಬರೆದಿದ್ದೇನೆ.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನ್ನದು 1,800 ಬ್ರಾಯ್ಲರ್ ಕೋಳಿ ಹಿಡಿಯುವ ಶೆಡ್. ಮರಿಗಳಿಗೆ 23 ದಿನವಾಗಿದ್ದಾಗ ಬೆಳಿಗ್ಗೆ ಹೋಗಿ ನೋಡಿದರೆ 14 ಸತ್ತು ಬಿದ್ದಿದ್ದವು. ಮರುದಿನ 31. ಹಿಂದಿನ ಸಂಜೆಯವರೆಗೂ ಮೇವು ತಿನ್ನುತ್ತಿದ್ದವು. ಹೊಟ್ಟೆ ಕೊಯ್ದು ನೋಡಿದ ಡಾಕ್ಟರು "ಇದು ಟಾಕ್ಸಿನ್" ಎಂದು ನೀರಿಗೆ ಬೆರೆಸುವ ಔಷಧ ಕೊಟ್ಟರು. ಸಾವು ನಿಂತಿತು. ಫೀಡ್ ಅಂಗಡಿಯವರನ್ನು ಕೇಳಿದರೆ, "ಟಾಕ್ಸಿನ್ ಎಂದರೆ ಜೋಳಕ್ಕೆ ಹಿಡಿಯುವ ಬೂಷ್ಟು, ನಮ್ಮ ಫೀಡಿನಲ್ಲಿ ಅದು ಇಲ್ಲ" ಎನ್ನುತ್ತಾರೆ. ಯಾರ ಮಾತು ಸರಿ? ಕೋಳಿಯ ಹೊಟ್ಟೆಯೊಳಗೆ ವಿಷ ಎಲ್ಲಿಂದ ಬಂತು? ಕೊಯ್ದ ಕರುಳಿನ ಫೋಟೋ ಕಳಿಸಿದ್ದೇನೆ.
ಓದುಗರು, ಆಲೂರು ತಾಲ್ಲೂಕು

ಉತ್ತರ: ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಜೀವಿಯೊಂದು ತಯಾರಿಸುವ ವಿಷಕ್ಕೆ ಟಾಕ್ಸಿನ್ ಎನ್ನುತ್ತಾರೆ. ಬೂಷ್ಟು ಹಿಡಿದ ಮುಸುಕಿನ ಜೋಳದಲ್ಲಿ ಸಿಗುವ ಅಫ್ಲಾಟಾಕ್ಸಿನ್ ಕೂಡ ಅಂಥದ್ದೇ, ಅದರ ಪೆಟ್ಟು ಮುಖ್ಯವಾಗಿ ಯಕೃತ್ತಿಗೆ ಬೀಳುತ್ತದೆ. ನಿಮ್ಮ ಫೋಟೋದಲ್ಲಿ ಕಾಣುವುದು ಬೇರೆ. ಸಣ್ಣ ಕರುಳಿನ ನಡುಭಾಗ ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಉಬ್ಬಿದೆ. ಸೀಳಿದ ಜಾಗದಲ್ಲಿ ಒಳಮೈ ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ, ಟರ್ಕಿ ಟವೆಲ್ಲಿನ ಹಾಗೆ ಒರಟಾಗಿದೆ. ಪಶುವೈದ್ಯರು ಈ ರೋಗವನ್ನು ಗುರುತಿಸುವುದೇ ಆ ಟವೆಲ್ಲಿನ ಹೋಲಿಕೆಯಿಂದ. ರೋಗದ ಹೆಸರು ನೆಕ್ರೋಟಿಕ್ ಎಂಟರೈಟಿಸ್, ಅಂದರೆ ಕರುಳಿನ ಒಳಪದರ ಸತ್ತು ಕೊಳೆಯುವ ರೋಗ. ವಿಷ ತಯಾರಿಸಿದ್ದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ. ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ.

ಈ ಬ್ಯಾಕ್ಟೀರಿಯಾ ಮಣ್ಣಿನಲ್ಲಿದೆ, ಶೆಡ್ಡಿನ ಧೂಳಿನಲ್ಲಿದೆ, ಆರೋಗ್ಯವಾಗಿರುವ ಕೋಳಿಯ ಕರುಳಿನಲ್ಲೂ ಸ್ವಲ್ಪ ಪ್ರಮಾಣದಲ್ಲಿದೆ. ಹಾಗಾದರೆ ನಿಮ್ಮ ಶೆಡ್ಡಿನಲ್ಲಿ 23ನೆಯ ದಿನ ಏನು ಬದಲಾಯಿತು? ನಿಮಗೆ ಫೋನ್ ಮಾಡಿ ಕೇಳಿದ್ದು ಅದನ್ನೇ. 17ನೆಯ ದಿನ ಚೀಲದ ಫೀಡ್ ನಿಲ್ಲಿಸಿ, ದುಬಾರಿಯಾಯಿತೆಂದು ಊರಿನ ಗಿರಣಿಯಲ್ಲಿ ಜೋಳ ಒಡೆಸಿ, ಸೋಯಾ ಹಿಂಡಿಯ ಜೊತೆಗೆ ಮಂಗಳೂರು ಕಡೆಯಿಂದ ಬಂದ ಒಣಮೀನಿನ ಪುಡಿ ಬೆರೆಸಿದಿರಿ. ಅದೇ ವಾರ ಪಶ್ಚಿಮದ ಗಾಳಿಗೆ ಶೆಡ್ಡಿನ ಪರದೆ ಹರಿದು ಇರಚಲು ಒಳಗೆ ಬಂತು. ಈ ಎರಡು ಸಂಗತಿಗಳನ್ನು ನೀವು ಪತ್ರದಲ್ಲಿ ಬರೆದೇ ಇರಲಿಲ್ಲ. ರೋಗಕ್ಕೂ ಅವಕ್ಕೂ ಸಂಬಂಧವಿದೆ ಎಂದು ನಿಮಗೆ ಯಾರೂ ಹೇಳಿರಲಿಲ್ಲ. ಆ ಸಂಬಂಧವನ್ನು ಬಿಡಿಸಿ ಹೇಳುತ್ತೇನೆ.

ಕರುಳಿನ ಒಳಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒತ್ತಾಗಿ ನಾಟಿ ಮಾಡಿದ ಗದ್ದೆಯಂತೆ ಕಾಣುತ್ತದೆ. ಪೈರಿನಂತೆ ಎದ್ದು ನಿಂತ ಒಂದೊಂದು ಎಳೆಗೂ ವಿಲ್ಲಸ್ ಎಂದು ಹೆಸರು. ಅದರ ಮೈತುಂಬ ಜೀವಕೋಶಗಳ ಒಂದೇ ಸಾಲಿನ ಹೊದಿಕೆ. ಒಂದೇ ಸಾಲು ಎಂಬುದನ್ನು ನೆನಪಿಡಿ. ಆ ಸಾಲಿನ ಈಚೆ ಕರುಳಿನ ಕೊಳಕು, ಆಚೆ ರಕ್ತ. ಸಾಲಿನ ಮೇಲೆ ಲೋಳೆಯ ತೆಳುವಾದ ಪದರವೊಂದು ಕಾವಲಿಗೆ ಇರುತ್ತದೆ. ಮೇವಿನ ಸತ್ವವನ್ನು ಹೀರಿ ರಕ್ತಕ್ಕೆ ದಾಟಿಸುವುದೂ ಬ್ಯಾಕ್ಟೀರಿಯಾಗಳನ್ನು ತಡೆದು ನಿಲ್ಲಿಸುವುದೂ ಇದೇ ಒಂದು ಸಾಲಿನ ಕೆಲಸ.

ಚೀಲದ ಬ್ರಾಯ್ಲರ್ ಫೀಡಿನಲ್ಲಿ ಸಾಮಾನ್ಯವಾಗಿ ಕಾಕ್ಸಿಡಿಯಾ ತಡೆಯುವ ಔಷಧ ಬೆರೆಸಿರುತ್ತಾರೆ. ಅಂಥ ಔಷಧಗಳಲ್ಲಿ ಕೆಲವಕ್ಕೆ ಕ್ಲಾಸ್ಟ್ರಿಡಿಯಂ ಅನ್ನು ಅದುಮಿಡುವ ಗುಣವೂ ಇದೆ. ನಿಮ್ಮ ಗಿರಣಿಯ ಮೇವಿನಲ್ಲಿ ಅದು ಇರಲಿಲ್ಲ. ಕಾಕ್ಸಿಡಿಯಾ ಎಂದರೆ ಬ್ಯಾಕ್ಟೀರಿಯಾ ಅಲ್ಲ, ಐಮೀರಿಯಾ ಜಾತಿಯ ಏಕಕೋಶ ಪರೋಪಜೀವಿ. ಅದರ ಮೊಟ್ಟೆಯಂಥ ಕಣಗಳು ಹಿಕ್ಕೆಯಲ್ಲಿ ಬೀಳುತ್ತವೆ. ತೇವ, ಗಾಳಿ, ಬೆಚ್ಚಗಿನ ವಾತಾವರಣ ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಮಾಗಿ ಸೋಂಕು ಹರಡುವ ಶಕ್ತಿ ಪಡೆಯುತ್ತವೆ. ಶೆಡ್ಡಿನ ನೆಲಕ್ಕೆ ಹಾಸಿದ, ಇರಚಲಿಗೆ ನೆನೆದ ಹೊಟ್ಟಿನಲ್ಲಿ ಈ ಮೂರೂ ಸಿಕ್ಕಿದವು. ಕೋಳಿ ಹೊಟ್ಟನ್ನು ಕೆದಕಿ ಅದನ್ನು ನುಂಗುತ್ತದೆ. ಕಾಕ್ಸಿಡಿಯಾ ಆ ಒಂದು ಸಾಲಿನ ಜೀವಕೋಶಗಳೊಳಗೆ ಹೊಕ್ಕು, ಅಲ್ಲೇ ಮರಿ ಮಾಡಿ, ಕೋಶವನ್ನು ಒಡೆದುಕೊಂಡು ಹೊರಬರುತ್ತದೆ. ಒಡೆದ ಜಾಗದಿಂದ ರಕ್ತದ ಪ್ರೋಟೀನ್ ಕರುಳಿಗೆ ಸೋರುತ್ತದೆ. ಗಾಯ ಮುಚ್ಚಲು ಕರುಳು ಇನ್ನಷ್ಟು ಲೋಳೆ ಸುರಿಸುತ್ತದೆ. ಮೇಲಿನಿಂದ ಅರೆಜೀರ್ಣವಾದ ಮೀನಿನ ಪ್ರೋಟೀನ್ ಬೇರೆ ಇಳಿದು ಬರುತ್ತದೆ.

ಕ್ಲಾಸ್ಟ್ರಿಡಿಯಂ ಕಾಯುತ್ತಿದ್ದದ್ದು ಇದಕ್ಕೆ. ಪ್ರೋಟೀನ್ ಕಟ್ಟಲು ಬೇಕಾದ ಅಮೈನೋ ಆಮ್ಲಗಳಲ್ಲಿ ಹಲವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಆ ಬ್ಯಾಕ್ಟೀರಿಯಾಕ್ಕೆ ಇಲ್ಲ. ಅವನ್ನು ಸುತ್ತಲಿನಿಂದ ಪಡೆಯಲೇಬೇಕು. ಸಿಕ್ಕಿದರೆ ಅದರ ಬೆಳವಣಿಗೆಯ ವೇಗ ಭಯ ಹುಟ್ಟಿಸುವಂಥದ್ದು. ಕೋಳಿಯ ಮೈಬಿಸಿ 41ರಿಂದ 42 ಡಿಗ್ರಿ ಸೆಲ್ಸಿಯಸ್, ಈ ಬ್ಯಾಕ್ಟೀರಿಯಾಕ್ಕೆ ಅದು ಬಹಳ ಹಿತ. ಪ್ರಯೋಗಾಲಯದಲ್ಲಿ ಎಲ್ಲ ಅನುಕೂಲ ಮಾಡಿಕೊಟ್ಟರೆ ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಹತ್ತು ನಿಮಿಷದ ಲೆಕ್ಕ ಹಿಡಿದರೂ ಮೂರು ಗಂಟೆಯಲ್ಲಿ ಒಂದು ಬ್ಯಾಕ್ಟೀರಿಯಾ ಎರಡೂವರೆ ಲಕ್ಷ ದಾಟುತ್ತದೆ. ಸಂಜೆ ಮೇವು ತಿಂದ ಕೋಳಿ ಬೆಳಿಗ್ಗೆ ಸತ್ತಿತ್ತು ಎಂದು ಬರೆದಿದ್ದೀರಲ್ಲ, ಅದಕ್ಕೆ ಈ ವೇಗವೂ ಒಂದು ಕಾರಣ.

ಗುಂಪು ದೊಡ್ಡದಾದದ್ದನ್ನು ಈ ಬ್ಯಾಕ್ಟೀರಿಯಾಗಳು ತಮ್ಮೊಳಗಿನ ರಾಸಾಯನಿಕ ಸಂಕೇತಗಳಿಂದ ತಿಳಿಯುತ್ತವೆ. ತಿಳಿದಾಗ ವಿಷದ ತಯಾರಿಕೆಯನ್ನು ಹೆಚ್ಚಿಸುತ್ತವೆ. ಅವುಗಳಲ್ಲಿ ಎರಡು ವಿಷಗಳ ಕೆಲಸವನ್ನು ನೀವು ತಿಳಿದಿರಬೇಕು.

ಜೀವಕೋಶದ ಹೊರಪೊರೆ ಎಂದರೆ ಕೊಬ್ಬಿನ ಅಣುಗಳು ಒತ್ತೊತ್ತಾಗಿ ಜೋಡಿಸಿಕೊಂಡ ಎರಡು ಪದರ. ನಮ್ಮ ಕಡೆಯ ಹೆಂಚಿನ ಮಾಡನ್ನು ನೆನೆಸಿಕೊಳ್ಳಿ. ಪ್ರತಿ ಹೆಂಚಿನ ಅಡಿಯಲ್ಲಿ ರೀಪಿಗೆ ಸಿಕ್ಕಿಸುವ ಮೂಗು ಇರುತ್ತದೆ. ಆ ಮೂಗು ಮುರಿದರೆ ಹೆಂಚು ಒಡೆಯದಿದ್ದರೂ ಸಾಲಿನಿಂದ ಜಾರುತ್ತದೆ. ಆಲ್ಫಾ ಟಾಕ್ಸಿನ್ ಎಂಬ ವಿಷ ಮಾಡುವುದು ಇದನ್ನು. ಅದು ಒಂದು ಕಿಣ್ವ. ಪೊರೆಯಲ್ಲಿರುವ ಲೆಸಿಥಿನ್ ಎಂಬ ಕೊಬ್ಬಿನ ಅಣುವಿನ ತಲೆಯನ್ನು ಕತ್ತರಿಸಿ ಹಾಕುತ್ತದೆ. ತಲೆ ಹೋದ ಅಣು ಸಾಲಿನಲ್ಲಿ ನಿಲ್ಲಲಾರದು. ವಿಷದ ಪ್ರಮಾಣ ಹೆಚ್ಚಿದ್ದರೆ ಪೊರೆಯೇ ಕಳಚಿ ಕೋಶ ಸಾಯುತ್ತದೆ. ಕಡಿಮೆಯಿದ್ದರೆ ಕತ್ತರಿಸಿದ ತುಂಡುಗಳೇ ಕೋಶದೊಳಗೆ ಸುಳ್ಳು ಸಂಕೇತಗಳಾಗಿ ಉರಿಯೂತವನ್ನು ಕೆರಳಿಸುತ್ತವೆ.

ಎರಡನೆಯದು ನೆಟ್‌ಬಿ. ಇದು ಏನನ್ನೂ ಕತ್ತರಿಸುವುದಿಲ್ಲ. ಇದರ ಏಳು ಅಣುಗಳು ಪೊರೆಯ ಮೇಲೆ ಬಂದು ಕೂತು, ಒಂದರ ಪಕ್ಕ ಒಂದು ಸೇರಿ, ಬಾವಿಗೆ ಇಳಿಸುವ ಸಿಮೆಂಟ್ ರಿಂಗಿನಂಥ ಬಳೆಯಾಗುತ್ತವೆ. ಆಮೇಲೆ ಒಂದೊಂದು ಅಣುವೂ ತನ್ನ ಒಂದು ಎಳೆಯನ್ನು ಪೊರೆಯೊಳಕ್ಕೆ ಚುಚ್ಚುತ್ತದೆ. ಏಳರ ಎಳೆಗಳು ಕೂಡಿ ಪೊರೆಯನ್ನು ತೂರಿ ನಿಂತ ಕೊಳವೆಯಾಗುತ್ತವೆ. ಮಾಡಿಗೆ ಪೈಪು ನೆಟ್ಟ ಹಾಗೆ.

ಅಷ್ಟು ಸಣ್ಣ ತೂತಿನಿಂದ ಕೋಶ ಸಾಯುವುದೇಕೆ ಎಂದು ಕೇಳಬಹುದು. ಜೀವಕೋಶದ ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು. ಈ ವ್ಯತ್ಯಾಸವನ್ನು ಕೋಶ ತನ್ನ ಶಕ್ತಿಯ ದೊಡ್ಡ ಪಾಲು ಸುರಿದು, ಹಗಲಿರುಳು ಪಂಪು ಹೊಡೆದು ಕಾಯ್ದುಕೊಂಡಿರುತ್ತದೆ. ಕೊಳವೆ ಬಿದ್ದ ಕ್ಷಣ ಪೊಟ್ಯಾಸಿಯಂ ಹೊರಕ್ಕೆ, ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳಕ್ಕೆ ಹರಿಯುತ್ತವೆ. ಅವುಗಳ ಬೆನ್ನಿಗೆ ನೀರು ನುಗ್ಗುತ್ತದೆ. ಕೋಶ ರಾತ್ರಿ ನೆನೆಹಾಕಿದ ಕಡಲೆಯಂತೆ ಊದುತ್ತದೆ, ಕೊನೆಗೆ ಬಿರಿಯುತ್ತದೆ. ಬಿರಿದ ಕೋಶದ ತಿರುಳಿನಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದ ಅಮೈನೋ ಆಮ್ಲಗಳಿವೆ. ಅಂದರೆ ವಿಷ ಅದಕ್ಕೆ ಊಟ ಗಿಟ್ಟಿಸುವ ಸಾಧನ. ಊಟ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾ, ಬ್ಯಾಕ್ಟೀರಿಯಾ ಹೆಚ್ಚಿದಷ್ಟೂ ವಿಷ. ಸತ್ತ ಕೋಶ, ರಕ್ತದಿಂದ ಸೋರಿದ ನಾರು, ಬ್ಯಾಕ್ಟೀರಿಯಾ ಎಲ್ಲ ಕಲೆತು ಒಣಗಿದ ಹೆಪ್ಪು ನಿಮ್ಮ ಫೋಟೋದ ಟವೆಲ್. ಕರುಳನ್ನು ಉಬ್ಬಿಸಿದ್ದು ಅವು ಬಿಟ್ಟ ಗಾಳಿ. ಪೈರು ಕೊಚ್ಚಿಹೋದ ಗದ್ದೆಯಿಂದ ವಿಷವೂ ಬ್ಯಾಕ್ಟೀರಿಯಾವೂ ರಕ್ತ ಹಿಡಿದು ಯಕೃತ್ತಿಗೂ ಹೋಗುತ್ತವೆ.

ಔಷಧದಿಂದ ಸಾವು ನಿಂತಿತು ಎಂದಿರಿ. ಸಂತೋಷ. ಆದರೆ ಔಷಧ ಕೊಂದದ್ದು ಬ್ಯಾಕ್ಟೀರಿಯಾವನ್ನು. ಆಗಲೇ ಪೊರೆಗೆ ನೆಟ್ಟ ಕೊಳವೆಯನ್ನು ಅದು ಕೀಳುವುದಿಲ್ಲ, ಕಾಕ್ಸಿಡಿಯಾವನ್ನು ಕೊಲ್ಲುವುದಿಲ್ಲ, ಹೊಟ್ಟನ್ನು ಒಣಗಿಸುವುದಿಲ್ಲ.

ಇದನ್ನು ನಾನು ಕಲಿತದ್ದು ಇನ್ನೊಬ್ಬರ ನಷ್ಟದಿಂದ. 1996ರ ಮಳೆಗಾಲದಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿದ್ದೆ. ಹೇಮಾವತಿ ದಂಡೆಯ ರೈತರೊಬ್ಬರು ಸಾಲ ಮಾಡಿ 500 ಕೋಳಿಯ ಶೆಡ್ ಹಾಕಿದ್ದರು. ಜೂನ್ ಕೊನೆಗೆ ಕೋಳಿಗಳು ಸಾಯತೊಡಗಿದವು. ಆಸ್ಪತ್ರೆಯ ಜಗಲಿಯ ಮೇಲೆ ಕಾಫಿ ಚೀಲ ಹಾಸಿ ಅವರು ತಂದ ಕೋಳಿಯನ್ನು ಕೊಯ್ದೆ. ಇದೇ ಟವೆಲ್. ಔಷಧ ಕೊಟ್ಟೆ, ಸಾವು ನಿಂತಿತು, ನನಗೆ ಹೆಮ್ಮೆಯಾಯಿತು. ಆಗಸ್ಟ್‌ನಲ್ಲಿ ಮುಂದಿನ ಬ್ಯಾಚಿಗೂ ಅದೇ ವಯಸ್ಸಿನಲ್ಲಿ ಅದೇ ರೋಗ. ಮತ್ತೆ ಔಷಧ ಬರೆದುಕೊಟ್ಟೆ. ಮೂರನೆಯ ಸಲ ಅವರು ಬರಲೇ ಇಲ್ಲ. ನಾನೇ ಹೋದಾಗ ಶೆಡ್ಡಿನ ತಗಡು ಬಿಚ್ಚಿ ಮಾರಾಟಕ್ಕೆ ಕಟ್ಟಿಟ್ಟಿದ್ದರು. ಒಳಗೆ ಕಾಲಿಟ್ಟರೆ ಹೊಟ್ಟು ಚಪ್ಪಲಿಗೆ ಅಂಟಿ ಮೇಲೇಳುತ್ತಿತ್ತು. ಸೂರಿನ ನೀರು ಹೊರಗೆ ಹರಿಯುವ ಬದಲು ಪಾಯದ ಬಿರುಕಿನಿಂದ ಒಳಗೆ ಜಿನುಗುತ್ತಿತ್ತು. ಎರಡು ಬ್ಯಾಚ್ ಸಾಯುವವರೆಗೂ ನಾನು ಕರುಳನ್ನು ನೋಡಿದ್ದೆ, ನೆಲವನ್ನು ನೋಡಿರಲಿಲ್ಲ. ಆ ರೈತರ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ಆ ಮೇಲೆ ಯಾವ ಶೆಡ್ಡಿಗೆ ಹೋದರೂ ಮೊದಲು ಬಗ್ಗಿ ಒಂದು ಹಿಡಿ ಹೊಟ್ಟು ತೆಗೆದುಕೊಳ್ಳುತ್ತೇನೆ.

ನೀವೂ ಅದನ್ನೇ ಮಾಡಿ. ನೀರಿನ ಸಾಲಿನ ಕೆಳಗಿನ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ಕೈ ಬಿಚ್ಚಿ. ಸಡಿಲವಾಗಿ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ಆ ಭಾಗವನ್ನು ಅಂದೇ ಹೊರಗೆ ಹಾಕಿ ಒಣ ಹೊಟ್ಟು ಹರಡಬೇಕು. ಪರದೆ ಹೊಲಿಸಿ. ಆದರೆ ಮಳೆಗೆ ಹೆದರಿ ಶೆಡ್ಡನ್ನು ಪೂರ್ತಿ ಮುಚ್ಚಬೇಡಿ. ಮೇಲ್ಭಾಗದಲ್ಲಿ ಗಾಳಿಯಾಡದಿದ್ದರೆ ಕೋಳಿಗಳ ಉಸಿರಿನ ತೇವವೇ ಹೊಟ್ಟನ್ನು ನೆನೆಸುತ್ತದೆ. ಮೇವು ಬದಲಿಸಬೇಕಾದರೆ ನಾಲ್ಕೈದು ದಿನ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಬದಲಿಸಿ. ಸ್ವಂತ ಮೇವು ಮಾಡುವುದೇ ಆದರೆ ಮೀನಿನ ಪುಡಿಯನ್ನು ಕೈಬಿಡಿ, ಕಾಕ್ಸಿಡಿಯಾ ತಡೆಯುವುದು ಹೇಗೆಂದು ವೈದ್ಯರ ಜೊತೆ ಮೊದಲೇ ಮಾತಾಡಿ.

ಉಳಿದ ಕೋಳಿಗಳ ವಿಚಾರ. ಕರುಳಿನ ಆ ಒಂದು ಸಾಲು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತದೆ. ವಿಲ್ಲಸ್‌ನ ಬುಡದ ಕುಳಿಗಳಲ್ಲಿ ಹುಟ್ಟಿದ ಕೋಶಗಳು ಮೇಲೇರಿ ಹಳೆಯವುಗಳ ಜಾಗ ತುಂಬುತ್ತವೆ. ಬುಡ ಉಳಿದಿದ್ದರೆ ಕರುಳು ಚೇತರಿಸುತ್ತದೆ. ಬುಡವೇ ಸತ್ತಿದ್ದರೆ ಆ ಕೋಳಿ ಎಷ್ಟು ತಿಂದರೂ ತೂಕ ಹಿಡಿಯುವುದಿಲ್ಲ. ತೂಕ ಏರದ ಕೋಳಿಗಳನ್ನು ಕಂಡು ಮೇವನ್ನು ದೂರಬೇಡಿ.

ಸತ್ತವನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಹಳ್ಳಕ್ಕೆ ಎಸೆಯಬೇಡಿ. ಹೂಳುವ ಮುಂಚೆ ತಾಜಾ ಸತ್ತ ಒಂದೆರಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಇಟ್ಟು ಪಶು ಆಸ್ಪತ್ರೆಗೋ ಹಾಸನದ ಪಶುವೈದ್ಯಕೀಯ ಕಾಲೇಜಿಗೋ ತಲುಪಿಸಿದರೆ ನಿಮಗೂ ಒಳ್ಳೆಯದು, ಸುತ್ತಲಿನವರಿಗೂ ಒಳ್ಳೆಯದು. ಒಂದು ಎಚ್ಚರಿಕೆ: ಒಂದೇ ದಿನದಲ್ಲಿ ಶೆಡ್ಡಿನ ದೊಡ್ಡ ಪಾಲು ಸತ್ತು, ತಲೆ ಊದಿಕೊಂಡು ಜುಟ್ಟು ನೀಲಿಯಾಗಿದ್ದರೆ ಕೋಳಿಯನ್ನು ನೀವಾಗಿ ಕೊಯ್ಯಬೇಡಿ, ಮುಟ್ಟಲೂ ಬೇಡಿ. ಅದು ಹಕ್ಕಿಜ್ವರವಾಗಿರುವ ಸಾಧ್ಯತೆ ಇದೆ. ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ.

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಕೋಳಿಯ ಕರುಳು ಕೊಳೆಯುವ ರೋಗಕ್ಕೆ ಆಲ್ಫಾ ಟಾಕ್ಸಿನ್ ಕಾರಣ ಎಂದು ಗ್ರಂಥಾಲಯದ ಪುಸ್ತಕದಲ್ಲಿದೆ. ನಮ್ಮ ಉಪನ್ಯಾಸಕರು ನೆಟ್‌ಬಿ ಎನ್ನುತ್ತಾರೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?
ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ನಿಮ್ಮ ಉಪನ್ಯಾಸಕರು ಹೇಳಿದ್ದನ್ನು ಬರೆಯಿರಿ. ಆದರೆ ಪುಸ್ತಕ ಏಕೆ ಹಾಗೆ ಹೇಳಿತು ಎಂಬುದನ್ನೂ ತಿಳಿಯಿರಿ. ಹೆಬ್ಬಾಳದಲ್ಲಿ ನಾನು ಓದುವಾಗ ನನಗೂ ಆಲ್ಫಾ ಎಂದೇ ಪಾಠವಾಗಿತ್ತು.

ಕೋಳಿಯಲ್ಲಿ ಈ ರೋಗವನ್ನು 1961ರಲ್ಲಿ ಇಂಗ್ಲೆಂಡಿನಲ್ಲಿ ಪ್ಯಾರಿಶ್ ಎಂಬವರು ವಿವರಿಸಿದರು. ರೋಗದ ಕೋಳಿಯಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಆಲ್ಫಾ ಟಾಕ್ಸಿನ್ ತಯಾರಿಸುತ್ತಿತ್ತು. ಆ ವಿಷ ಪೊರೆಯನ್ನು ಹಾಳುಮಾಡುವುದು ಆಗಲೇ ಗೊತ್ತಿತ್ತು. 1941ರಲ್ಲೇ ಮ್ಯಾಕ್‌ಫರ್ಲೇನ್ ಮತ್ತು ನೈಟ್ ಅದು ಲೆಸಿಥಿನ್ ಕತ್ತರಿಸುವ ಕಿಣ್ವ ಎಂದು ತೋರಿಸಿದ್ದರು. ಬ್ಯಾಕ್ಟೀರಿಯಾದ ವಿಷವೊಂದು ಕಿಣ್ವ ಎಂದು ಗೊತ್ತಾದದ್ದು ಅದೇ ಮೊದಲು. ಅದನ್ನು ಕಣ್ಣಾರೆ ನೋಡುವ ಸರಳ ವಿಧಾನವನ್ನು ನಿಮ್ಮ ಪ್ರಯೋಗಾಲಯದಲ್ಲಿ ಕೇಳಿ ಮಾಡಿಸಿಕೊಳ್ಳಿ. ಮೊಟ್ಟೆಯ ಹಳದಿ ಬೆರೆಸಿದ ಅಗರ್ ತಟ್ಟೆಯಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿದರೆ ಸುತ್ತ ಬಿಳಿಯ ಮಸುಕು ಬಳೆ ಏಳುತ್ತದೆ. ಹಳದಿಯಲ್ಲಿ ತುಂಬಿರುವ ಲೆಸಿಥಿನ್ ಅನ್ನು ವಿಷ ಕತ್ತರಿಸಿದ ಗುರುತು ಅದು. ತಟ್ಟೆಯ ಅರ್ಧಕ್ಕೆ ಮೊದಲೇ ಪ್ರತಿವಿಷ ಸವರಿದ್ದರೆ ಆ ಅರ್ಧದಲ್ಲಿ ಬಳೆ ಮೂಡುವುದಿಲ್ಲ. ನಾಗ್ಲರ್ ಪರೀಕ್ಷೆ ಎಂದರೆ ಇದೇ. ಕೋಳಿಯ ಕರುಳಿನಲ್ಲಿ ನಡೆಯುವುದನ್ನು ಕೋಳಿಯ ಮೊಟ್ಟೆಯಲ್ಲೇ ನೋಡುವ ಈ ಪರೀಕ್ಷೆಯನ್ನು ಮೊದಲ ಸಲ ಮಾಡಿದ ದಿನ ನಾನು ಊಟಕ್ಕೆ ಹೋಗುವುದನ್ನೂ ಮರೆತಿದ್ದೆ.

ಇಷ್ಟೆಲ್ಲ ಸಾಕ್ಷಿ ಇದ್ದುದರಿಂದ ಆಲ್ಫಾ ಟಾಕ್ಸಿನ್ನೇ ಅಪರಾಧಿ ಎಂದು ಎಲ್ಲರೂ ಒಪ್ಪಿಕೊಂಡರು. ಆದರೆ ಒಂದು ತೊಡಕಿತ್ತು. ಆರೋಗ್ಯವಂತ ಕೋಳಿಯಲ್ಲಿರುವ ಬ್ಯಾಕ್ಟೀರಿಯಾ ಕೂಡ ಆಲ್ಫಾ ತಯಾರಿಸುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ರೋಗಕಾರಕ ತಳಿಯೊಂದರಿಂದ ಆಲ್ಫಾ ಟಾಕ್ಸಿನ್ನಿನ ಜೀನನ್ನು ಕೆಡಿಸಿ ಕೋಳಿಗಳಿಗೆ ಕೊಟ್ಟರು. ಕೋಳಿಗಳಿಗೆ ರೋಗ ಬಂದೇ ಬಂತು. ಹಾಗಾದರೆ ಬೇರೆ ಏನೋ ಇದೆ ಎಂದು ಹುಡುಕಿ 2008ರಲ್ಲಿ ಅದೇ ತಂಡ ನೆಟ್‌ಬಿಯನ್ನು ಪ್ರಕಟಿಸಿತು. ಅದರ ಜೀನನ್ನು ಕೆಡಿಸಿದಾಗ ರೋಗ ಬರಲಿಲ್ಲ. ಅದೇ ಜೀನನ್ನು ಮರಳಿ ಕೂರಿಸಿದಾಗ ರೋಗ ಮರಳಿತು. ತೆಗೆದು ನೋಡಿ, ಮತ್ತೆ ಇಟ್ಟು ನೋಡುವ ಈ ಕ್ರಮವನ್ನು ಪರೀಕ್ಷೆಯಲ್ಲಿ ತಪ್ಪದೆ ಬರೆಯಿರಿ. ಇಡೀ ವಾದ ನಿಂತಿರುವುದು ಆ ಎರಡನೆಯ ಹೆಜ್ಜೆಯ ಮೇಲೆ. 2018ರಿಂದ ಈ ಬ್ಯಾಕ್ಟೀರಿಯಾವನ್ನು ಎಯಿಂದ ಜಿವರೆಗೆ ಏಳು ಬಗೆಗಳಾಗಿ ವಿಂಗಡಿಸುತ್ತಾರೆ, ನೆಟ್‌ಬಿ ತಯಾರಿಸುವುದು ಜಿ ಬಗೆ.

ಹಾಗೆಂದು ಆಲ್ಫಾ ಟಾಕ್ಸಿನ್ನನ್ನು ಪೂರ್ತಿ ಬಿಟ್ಟುಬಿಡಬೇಡಿ. ಅದರ ವಿರುದ್ಧ ಲಸಿಕೆ ಹಾಕಿದ ಕೋಳಿಗಳಿಗೆ ಸ್ವಲ್ಪಮಟ್ಟಿನ ರಕ್ಷಣೆ ಸಿಕ್ಕಿದ ಪ್ರಯೋಗಗಳಿವೆ. ನೆಟ್‌ಬಿ ಜೀನ್ ಇದ್ದೂ ರೋಗ ತರದ ತಳಿಗಳೂ ಇವೆ. ಇನ್ನೊಂದು ಸೋಜಿಗ: ಆರೋಗ್ಯವಂತ ಕೋಳಿಯ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂನ ಹಲವು ತಳಿಗಳು ಒಟ್ಟಿಗೆ ಇರುತ್ತವೆ. ರೋಗದ ಕೋಳಿಯಲ್ಲಿ ಹೆಚ್ಚಾಗಿ ಒಂದೇ ತಳಿ ಸಿಗುತ್ತದೆ. ರೋಗಕಾರಕ ತಳಿ ತನ್ನ ಸ್ವಜಾತಿಯ ಇತರ ತಳಿಗಳನ್ನು ಕೊಲ್ಲುವ ಪ್ರೋಟೀನನ್ನೂ ತಯಾರಿಸಬಲ್ಲದು. ನೆಟ್‌ಬಿ ಜೀನ್ ಇರುವುದು ಪ್ಲಾಸ್ಮಿಡ್ ಎಂಬ ಡಿಎನ್‌ಎಯ ಬಿಡಿ ಉಂಗುರದಲ್ಲಿ. ಅದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಮುಂದೆ ಓದುವ ಮನಸ್ಸಿದ್ದರೆ ಈ ವಿಷಯವನ್ನು ಹಿಡಿಯಿರಿ. ನಮ್ಮ ಜಿಲ್ಲೆಗಳ ಕೋಳಿಗಳಲ್ಲಿ ಈ ಕೆಲಸ ಮಾಡುವವರು ಬೇಕಾಗಿದ್ದಾರೆ.

ಪ್ರಶ್ನೆ: ಮನೆಯಲ್ಲಿ 20 ನಾಟಿ ಕೋಳಿ, ನಾಲ್ಕು ಗಿರಿರಾಜ ಇವೆ. ಎರಡು ತಿಂಗಳ ಮರಿಗಳು ರಕ್ತ ಮಿಶ್ರಿತ ಹಿಕ್ಕೆ ಹಾಕಿ, ರೆಕ್ಕೆ ಜೋಲು ಬಿಟ್ಟು ನಿಲ್ಲುತ್ತವೆ. ಅತ್ತೆಯವರು ಅರಿಸಿನ, ಮಜ್ಜಿಗೆ ಕುಡಿಸುತ್ತಾರೆ. ಇದೂ ಕರುಳು ಕೊಳೆಯುವ ರೋಗವೇ?
ಗೃಹಿಣಿ, ಕೊಪ್ಪ

ಉತ್ತರ: ಹಿಕ್ಕೆಯಲ್ಲಿ ಕೆಂಪು ರಕ್ತ ಕಂಡರೆ ಮೊದಲು ಕಾಕ್ಸಿಡಿಯಾವನ್ನು ಶಂಕಿಸಿ. ಐಮೀರಿಯಾ ಟೆನೆಲ್ಲಾ ಎಂಬ ಬಗೆ ಕರುಳಿನ ಕೊನೆಯ ಎರಡು ಕುರುಡು ಚೀಲಗಳಲ್ಲಿ ಬೆಳೆದು ರಕ್ತ ಸುರಿಸುತ್ತದೆ. ಇದಕ್ಕೆ ನೀರಿಗೆ ಬೆರೆಸುವ ಆಂಪ್ರೋಲಿಯಂ ಎಂಬ ಔಷಧ ಇದೆ. ಮರಿಗಳ ಸಂಖ್ಯೆ, ತೂಕ ಹೇಳಿ ಪಶು ಆಸ್ಪತ್ರೆಯಲ್ಲಿ ಅಳತೆ ಕೇಳಿ ತಿಳಿಯಿರಿ. ತಡ ಮಾಡಬೇಡಿ, ಎರಡು ದಿನದಲ್ಲಿ ಮರಿ ಕೈತಪ್ಪುತ್ತದೆ.

ಅತ್ತೆಯವರಿಗೆ ಬೇಸರವಾಗದಂತೆ ಹೇಳಿ: ಮಜ್ಜಿಗೆಯಿಂದ ಕೆಡುಕಿಲ್ಲ, ಆದರೆ ಅದಕ್ಕೆ ಕಾಕ್ಸಿಡಿಯಾ ಸಾಯುವುದಿಲ್ಲ. ಅವರಿಗೆ ಗೊತ್ತಿರುವ ಇನ್ನೊಂದು ಕ್ರಮ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಿಸಿಲು ಬಿದ್ದ ದಿನ ಗೂಡಿನ ಹಲಗೆಗಳನ್ನು ಹೊರಗೆ ಒಣಗಿಸಿ, ನೆಲಕ್ಕೆ ಸುಣ್ಣ ಎರಚುತ್ತಿದ್ದರಲ್ಲ, ಅದನ್ನು ಬಿಡಬೇಡಿ. ಕಾಕ್ಸಿಡಿಯಾದ ಕಣಗಳು ಫಿನಾಯಿಲಿಗೆ ಸುಲಭಕ್ಕೆ ಸಾಯುವುದಿಲ್ಲ. ಒಣಗುವುದನ್ನು ಮಾತ್ರ ತಡೆಯಲಾರವು. ಮರಿಗಳನ್ನು ದೊಡ್ಡ ಕೋಳಿಗಳಿಂದ ಬೇರೆ ಗೂಡಿನಲ್ಲಿಡಿ. ದೊಡ್ಡವು ಸೋಂಕನ್ನು ತಾಳಿಕೊಂಡು ಹಿಕ್ಕೆಯಲ್ಲಿ ಕಣಗಳನ್ನು ಬಿಡುತ್ತಲೇ ಇರುತ್ತವೆ.

ಪ್ರಶ್ನೆ: ಭತ್ತದ ಹೊಟ್ಟು ಸಿಗುತ್ತಿಲ್ಲ. ಶೆಡ್ಡಿಗೆ ಕಾಫಿ ಹೊಟ್ಟು ಹರಡಬಹುದೇ?
ಓದುಗರು, ಬೇಲೂರು ತಾಲ್ಲೂಕು

ಉತ್ತರ: ಚೆನ್ನಾಗಿ ಒಣಗಿದ್ದರೆ ಹರಡಬಹುದು. ಹೊರಗೆ ರಾಶಿ ಹಾಕಿ ಮಳೆ ಹೀರಿದ, ಬೂಷ್ಟು ವಾಸನೆಯ ಹೊಟ್ಟು ಬೇಡವೇ ಬೇಡ.

ಪ್ರಶ್ನೆ: ಪ್ರತಿ ಬ್ಯಾಚಿಗೂ ಮೊದಲ ವಾರದಿಂದಲೇ ನೀರಿಗೆ ಆಂಟಿಬಯಾಟಿಕ್ ಬೆರೆಸಿದರೆ ಈ ರೋಗ ಬರುವುದೇ ಇಲ್ಲ ಎಂದು ಔಷಧ ಮಾರುವವರು ಹೇಳುತ್ತಾರೆ. ಬೆರೆಸಲೇ?
ಓದುಗರು, ಚನ್ನರಾಯಪಟ್ಟಣ

ಉತ್ತರ: ಬೆರೆಸಬೇಡಿ. ಬೆಳವಣಿಗೆಗಾಗಿ ಮೇವಿಗೆ ಆಂಟಿಬಯಾಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ನಿಲ್ಲಿಸಿತು. ನಿಲ್ಲಿಸಿದ ಮೇಲೆ ಅಲ್ಲಿ ಈ ಕರುಳಿನ ರೋಗದ ಕಾಟ ಹೆಚ್ಚಿತು ಎಂಬುದು ನಿಜ, ನಿಮಗೆ ಔಷಧ ಮಾರುವವರು ಅದನ್ನೇ ಹೇಳಿರಬೇಕು. ಅದರ ಅರ್ಥ ಇಷ್ಟು: ಹೊಟ್ಟು, ಗಾಳಿ, ಮೇವು, ಕಾಕ್ಸಿಡಿಯಾಗಳಲ್ಲಿನ ಕೊರತೆಯನ್ನು ಔಷಧ ಮುಚ್ಚಿಟ್ಟಿತ್ತು. ಅಲ್ಲಿನವರು ಆ ಕೊರತೆಗಳನ್ನು ಸರಿಪಡಿಸಲು ಹೊರಟರು.

ನಿಮ್ಮ ಶೆಡ್ಡಿನ ನೀರಿಗೆ ಹಾಕುವ ಅಮಾಕ್ಸಿಸಿಲಿನ್ ಮತ್ತು ನಿಮ್ಮ ಮಗುವಿನ ಗಂಟಲು ನೋವಿಗೆ ಕೊಡುವ ಅಮಾಕ್ಸಿಸಿಲಿನ್ ಒಂದೇ. ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಶೆಡ್ಡಿನಲ್ಲಿ ಬೆಳೆದರೆ ಗೊಬ್ಬರದ ಜೊತೆ ತೋಟಕ್ಕೂ ಕೈಗಳ ಜೊತೆ ಮನೆಗೂ ಬರುತ್ತದೆ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿಸಿಕೊಂಡಿರುವ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ನಮ್ಮ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಆತಂಕದಿಂದ. ಹಳೆಯ ದಾಸ್ತಾನನ್ನು ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಕೊಳ್ಳಬೇಡಿ. ರೋಗ ಬಂದಾಗ, ಕರುಳು ನೋಡಿದ ವೈದ್ಯರು ಬರೆದುಕೊಟ್ಟಾಗ, ಹೇಳಿದಷ್ಟು ದಿನ ಪೂರ್ತಿ ಕೊಡಿ. ನಿಲ್ಲಿಸಿದ ಮೇಲೆ ಔಷಧದ ಚೀಟಿಯಲ್ಲಿ ಬರೆದಷ್ಟು ದಿನ ಕಳೆಯದೆ ಕೋಳಿ ಮಾರಬೇಡಿ.

ಪ್ರಶ್ನೆ: ಪಕ್ಕದ ಶೆಡ್ಡಿನಲ್ಲಿ ಈ ಕರುಳಿನ ರೋಗ ಬಂದಿತ್ತು. ಆ ಕೋಳಿಗಳನ್ನು ತಿಂದರೆ ನಮಗೂ ಕರುಳು ತೂತಾಗುತ್ತದೆಯೇ? ಮುಂದಿನ ವಾರ ಮನೆಯಲ್ಲಿ ಬೀಗರ ಊಟ ಇದೆ, ಭಯವಾಗಿದೆ.
ಓದುಗರು, ಅರಸೀಕೆರೆ

ಉತ್ತರ: ರೋಗದಿಂದ ಸತ್ತ ಕೋಳಿಯನ್ನು, ಮಂಕಾಗಿ ಕೂತ ಕೋಳಿಯನ್ನು ಯಾವ ಕಾರಣಕ್ಕೂ ತಿನ್ನಬೇಡಿ, ಮಾರಬೇಡಿ. ಆರೋಗ್ಯವಾಗಿ ಓಡಾಡುವ ಕೋಳಿಯ ಮಾಂಸವನ್ನು ಚೆನ್ನಾಗಿ ಬೇಯಿಸಿ ತಿನ್ನಲು ಭಯ ಬೇಡ.

ಬೀಗರ ಊಟ ಎಂದಿರಿ, ಅದಕ್ಕೆ ಬೇರೊಂದು ಎಚ್ಚರಿಕೆ ಹೇಳಬೇಕು. ಇದೇ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನ ಎಫ್ ಎಂಬ ಇನ್ನೊಂದು ಬಗೆ ಮನುಷ್ಯರಿಗೆ ಹೊಟ್ಟೆನೋವು, ಭೇದಿ ತರುತ್ತದೆ. ಅದಕ್ಕೆ ರೋಗದ ಕೋಳಿಯೇ ಬೇಕಿಲ್ಲ, ಒಳ್ಳೆಯ ಮಾಂಸ ಸಾಕು. ಅದರ ಬೀಜಕಣಗಳು ಕುದಿತವನ್ನೂ ತಾಳಿಕೊಳ್ಳಬಲ್ಲವು. ದೊಡ್ಡ ಹಂಡೆಯಲ್ಲಿ ರಾತ್ರಿಯೇ ಮಾಡಿದ ಕೋಳಿ ಸಾರು ತಟ್ಟೆ ಮುಚ್ಚಿಕೊಂಡು ಉಗುರು ಬೆಚ್ಚಗೆ ಕೂತಿರುತ್ತದೆ. ನಡುವಿನ ಭಾಗ ಆರಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಬೀಜಕಣ ಮೊಳೆತು, ಮೇಲೆ ಹೇಳಿದ ಹತ್ತು ನಿಮಿಷದ ಲೆಕ್ಕ ಶುರುವಾಗುತ್ತದೆ. ಬೆಳಿಗ್ಗೆ ಬಡಿಸುವ ಮುಂಚೆ ಒಂದು ಸುತ್ತು ಬೆಚ್ಚಗೆ ಮಾಡಿದರೆ ಅವು ಸಾಯುವುದಿಲ್ಲ. ರುಚಿಯಲ್ಲೂ ವಾಸನೆಯಲ್ಲೂ ವ್ಯತ್ಯಾಸ ಗೊತ್ತಾಗದಿರಬಹುದು. ತಿಂದವರಿಗೆ ಸಾಮಾನ್ಯವಾಗಿ 6ರಿಂದ 24 ಗಂಟೆಯೊಳಗೆ ಹೊಟ್ಟೆ ಹಿಂಡುತ್ತದೆ.

ಸಾರನ್ನು ಊಟದ ದಿನವೇ ಮಾಡಿಸಿ, ಬಡಿಸಿ ಮುಗಿಯುವವರೆಗೂ ಹಂಡೆಯ ಕೆಳಗೆ ಕೆಂಡ ಆರದಂತೆ ನೋಡಿಕೊಳ್ಳಿ. ಸಾರು 60 ಡಿಗ್ರಿಗಿಂತ ಬಿಸಿಯಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಉಳಿದದ್ದನ್ನು ಹಂಡೆಯಲ್ಲೇ ಬಿಡದೆ ಎರಡು ಮೂರು ಅಗಲ ಪಾತ್ರೆಗಳಿಗೆ ಬಗ್ಗಿಸಿ, ತಣ್ಣೀರಿನ ತೊಟ್ಟಿಯಲ್ಲಿಟ್ಟು ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಿ. ಮರುದಿನ ತಿನ್ನುವಾಗ ಒಳಗೂ ಹೊರಗೂ ಹೊಗೆಯಾಡುವಂತೆ ಕುದಿಸಿ. ಊರಿಗೆ ಹೊರಟ ಬೀಗರಿಗೆ ಬುತ್ತಿ ಕಟ್ಟುವುದಾದರೆ ಸಾರಿನ ಡಬ್ಬಿಯ ಬದಲು ಒಬ್ಬಟ್ಟು ಕಟ್ಟಿಕೊಡಿ.